ಉಪಮೆ ಮತ್ತು ಮಾದರಿ: ಥಾಮ್ಸನ್ ಪರಮಾಣುವಿನ ಕೊರತೆಗಳ ಒಂದು ವಿವೇಚನೆ

ಪರಮಾಣುವಿಗೂ ಒಂದು ಒಳರಚನೆಯಿದೆ ಎಂಬ ತಿಳಿವಳಿಕೆ ವಿಜ್ಞಾನದ ಚರಿತ್ರೆಯಲ್ಲಿ ಸುಮಾರು ಒಂದೂಕಾಲು ಶತಮಾನದಷ್ಟು ಈಚಿನದು. ಆ ಒಳರಚನೆಯನ್ನು ಗಣಿತದ ನೆರವಿನಿಂದ ವಿವರಿಸಲು ನಡೆದ ಮೊದಲ ಪ್ರಯತ್ನಗಳಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಜೆ. ಜೆ. ಥಾಮ್ಸನ್ ಅವರು ೧೯೦೪ರಲ್ಲಿ ಮಂಡಿಸಿದ ಮಾದರಿ ಮುಖ್ಯವಾದುದು. ಪ್ರೌಢಶಾಲೆಯ ವಿಜ್ಞಾನವನ್ನು ಓದಿದವರೆಲ್ಲರಿಗೂ ಇದು ‘ಪ್ಲಮ್ ಪುಡಿಂಗ್ ಮಾದರಿ’ ಅಥವಾ ‘ಕಲ್ಲಂಗಡಿ ಹಣ್ಣಿನ ಮಾದರಿ’ ಎಂಬ ಹೆಸರಿನಿಂದ ಪರಿಚಿತವಾಗಿದೆ. ಹಣ್ಣಿನ ತಿರುಳಿನಂತೆ ಹರಡಿಕೊಂಡ ಧನಾವೇಶ, ಅದರಲ್ಲಿ ಬೀಜಗಳಂತೆ ಹುದುಗಿರುವ ಎಲೆಕ್ಟ್ರಾನುಗಳು, ರುದರ್‌ಫೋರ್ಡ್ ಅವರ ಚಿನ್ನದ ಹಾಳೆಯ ಪ್ರಯೋಗದಿಂದ ಅದು ತಪ್ಪೆಂದು ಸಿದ್ಧವಾದುದು: ಈ ಮೂರು ಮಾತುಗಳಲ್ಲಿ ಅದರ ಕಥೆ ಸಾಮಾನ್ಯವಾಗಿ ಮುಗಿದುಹೋಗುತ್ತದೆ.

ಭೌತವಿಜ್ಞಾನದ ಈ ವಿಷಯವನ್ನು ಜಾನಪದ ಅಧ್ಯಯನಕಾರನೊಬ್ಬ ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ವೈಜ್ಞಾನಿಕ ವಿಚಾರವೊಂದು ಪ್ರಯೋಗಶಾಲೆಯಿಂದ ತರಗತಿಗೆ ಬರುವಾಗ ಬಾಯಿಂದ ಬಾಯಿಗೆ ಸಾಗುವ ಕಥನದ ಗುಣಗಳನ್ನು ಪಡೆದುಕೊಳ್ಳುತ್ತದೆ. ಅದು ಚಿಕ್ಕದಾಗುತ್ತದೆ, ಹೋಲಿಕೆಗಳನ್ನು ಕೂಡಿಸಿಕೊಳ್ಳುತ್ತದೆ, ಹೋದ ನಾಡಿಗೆ ತಕ್ಕ ರೂಪವನ್ನು ತಾಳುತ್ತದೆ. ಥಾಮ್ಸನ್ ಮಾದರಿಯ ವಿಷಯದಲ್ಲಿ ಹೀಗೆ ಕೂಡಿಕೊಂಡ ಉಪಮೆ ಎಷ್ಟು ಬಲವಾದುದೆಂದರೆ, ಇಂದು ಉಪಮೆಯ ಕೊರತೆಗಳನ್ನೇ ಮಾದರಿಯ ಕೊರತೆಗಳೆಂದು ಹೇಳುವ ರೂಢಿಯಾಗಿದೆ. ಇವೆರಡನ್ನೂ ಬೇರ್ಪಡಿಸಿ ನೋಡುವುದು, ಥಾಮ್ಸನ್ ಪರಮಾಣು ನಿಜವಾಗಿ ಎಲ್ಲಿ ಸೋತಿತು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಮಾದರಿಯ ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗಾಳಿ ತೆಗೆದ ಗಾಜಿನ ಕೊಳವೆಗಳಲ್ಲಿ ವಿದ್ಯುತ್ತನ್ನು ಹರಿಸಿದಾಗ ಕಾಣಿಸಿಕೊಳ್ಳುತ್ತಿದ್ದ ಕ್ಯಾಥೋಡ್ ಕಿರಣಗಳ ಸ್ವರೂಪವನ್ನು ಕುರಿತು ಯೂರೋಪಿನಲ್ಲಿ ದೊಡ್ಡ ಚರ್ಚೆ ನಡೆದಿತ್ತು. ಕೇಂಬ್ರಿಡ್ಜಿನ ಕ್ಯಾವೆಂಡಿಶ್ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ಥಾಮ್ಸನ್ ೧೮೯೭ರಲ್ಲಿ ಈ ಕಿರಣಗಳು ಋಣಾವೇಶವುಳ್ಳ ಕಣಗಳ ಪ್ರವಾಹವೆಂದು ತೋರಿಸಿದರು. ಆ ಕಣಗಳ ಆವೇಶಕ್ಕೂ ದ್ರವ್ಯರಾಶಿಗೂ ಇರುವ ಅನುಪಾತವು ಹೈಡ್ರೋಜನ್ ಅಯಾನಿನದಕ್ಕಿಂತ ಸಾವಿರ ಪಟ್ಟಿನಷ್ಟು ಹೆಚ್ಚಾಗಿತ್ತು. ಕೊಳವೆಯೊಳಗೆ ಯಾವ ಅನಿಲವಿದ್ದರೂ, ಕ್ಯಾಥೋಡ್ ಯಾವ ಲೋಹದ್ದಾದರೂ ಈ ಅನುಪಾತ ಬದಲಾಗಲಿಲ್ಲ. ಎಲ್ಲ ಪರಮಾಣುಗಳಲ್ಲಿಯೂ ಒಂದೇ ಬಗೆಯ, ಅತ್ಯಂತ ಹಗುರವಾದ ಕಣಗಳಿವೆ ಎಂಬ ತೀರ್ಮಾನಕ್ಕೆ ಅವರು ಬಂದರು. ಅವರು ಇವನ್ನು ‘ಕಾರ್ಪಸಲ್’ ಎಂದು ಕರೆದರು. ಜಾನ್‌ಸ್ಟನ್ ಸ್ಟೋನಿ ಅವರು ೧೮೯೧ರಲ್ಲಿ ವಿದ್ಯುದಾವೇಶದ ಮೂಲಮಾನಕ್ಕೆ ಸೂಚಿಸಿದ್ದ ‘ಎಲೆಕ್ಟ್ರಾನ್’ ಎಂಬ ಹೆಸರೇ ಮುಂದೆ ಈ ಕಣಗಳಿಗೆ ನಿಂತಿತು.

ಇಲ್ಲಿಂದ ಒಂದು ಪ್ರಶ್ನೆ ಹುಟ್ಟಿತು. ಪರಮಾಣು ಒಟ್ಟಾರೆಯಾಗಿ ವಿದ್ಯುತ್ ತಟಸ್ಥವಾದುದು. ಅದರಲ್ಲಿ ಋಣಾವೇಶದ ಕಣಗಳಿರುವುದಾದರೆ ಅವನ್ನು ಸರಿದೂಗಿಸುವ ಧನಾವೇಶ ಎಲ್ಲಿದೆ, ಹೇಗಿದೆ? ಧನ ವಿದ್ಯುತ್ತಿನ ಕಣವನ್ನು ಆಗ ಯಾರೂ ಬೇರ್ಪಡಿಸಿರಲಿಲ್ಲ. ಹೀಗಾಗಿ ಧನಾವೇಶವನ್ನು ಗೋಳಾಕಾರದಲ್ಲಿ ಸಮನಾಗಿ ಹರಡಿದ ವಿದ್ಯುತ್ತೆಂದು ಭಾವಿಸುವುದು ಲೆಕ್ಕಕ್ಕೆ ಒದಗುವ ದಾರಿಯಾಗಿತ್ತು. ಲಾರ್ಡ್ ಕೆಲ್ವಿನ್ ಅವರು ೧೯೦೨ರಲ್ಲಿ ಇಂತಹ ಕಲ್ಪನೆಯೊಂದನ್ನು ಮುಂದಿಟ್ಟಿದ್ದರು. ಥಾಮ್ಸನ್ ಅದಕ್ಕೆ ವಿಸ್ತಾರವಾದ ಗಣಿತವನ್ನು ಒದಗಿಸಿದರು.

೧೯೦೪ರ ಪರಮಾಣು

‘ಫಿಲಸಾಫಿಕಲ್ ಮ್ಯಾಗಝಿನ್’ ಪತ್ರಿಕೆಯ ೧೯೦೪ರ ಮಾರ್ಚ್ ಸಂಚಿಕೆಯಲ್ಲಿ ಪ್ರಕಟವಾದ ಥಾಮ್ಸನ್ ಅವರ ಲೇಖನದಲ್ಲಿ ಪುಡಿಂಗ್ ಇಲ್ಲ, ಕಲ್ಲಂಗಡಿಯೂ ಇಲ್ಲ. ಅಲ್ಲಿರುವುದು ಚಲನೆಯ ಲೆಕ್ಕ. ಸಮನಾಗಿ ಹರಡಿದ ಧನಾವೇಶದ ಗೋಳದೊಳಗೆ ಇರುವ ಎಲೆಕ್ಟ್ರಾನಿನ ಮೇಲೆ ಕೇಂದ್ರದ ಕಡೆಗೆ ಸೆಳೆತವಿರುತ್ತದೆ. ಈ ಸೆಳೆತ ಕೇಂದ್ರದಿಂದ ದೂರ ಹೋದಷ್ಟೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಜೊತೆಗೆ ಎಲೆಕ್ಟ್ರಾನುಗಳು ಒಂದನ್ನೊಂದು ದೂಡುತ್ತವೆ. ಈ ಸೆಳೆತ ಮತ್ತು ದೂಡಿಕೆಗಳ ನಡುವೆ ಎಲೆಕ್ಟ್ರಾನುಗಳು ಉಂಗುರಗಳಾಗಿ ಕೂಡಿಕೊಂಡು ಕೇಂದ್ರದ ಸುತ್ತ ತಿರುಗುತ್ತಿದ್ದರೆ ಯಾವ ಏರ್ಪಾಡು ಸ್ಥಿರವಾಗಿ ಉಳಿಯುತ್ತದೆ ಎಂಬುದನ್ನು ಥಾಮ್ಸನ್ ಲೆಕ್ಕಹಾಕಿದರು.

ಈ ಲೆಕ್ಕದ ಫಲಿತಾಂಶಗಳು ಕುತೂಹಲಕರವಾಗಿವೆ. ಒಂದೇ ಉಂಗುರದಲ್ಲಿ ಐದು ಎಲೆಕ್ಟ್ರಾನುಗಳವರೆಗೆ ಸ್ಥಿರತೆ ಸಾಧ್ಯ. ಆರನ್ನು ಉಂಗುರದಲ್ಲಿ ನಿಲ್ಲಿಸಬೇಕಾದರೆ ನಡುವೆ ಇನ್ನೊಂದು ಬೇಕು. ಹೊರ ಉಂಗುರ ದೊಡ್ಡದಾದಂತೆಲ್ಲ ಒಳಗೆ ಇನ್ನಷ್ಟು ಎಲೆಕ್ಟ್ರಾನುಗಳು, ಇನ್ನಷ್ಟು ಉಂಗುರಗಳು ಬೇಕಾಗುತ್ತವೆ. ಇದಕ್ಕೆ ಕಣ್ಣಾರೆ ಕಾಣುವ ಆಧಾರವಾಗಿ ಅಮೆರಿಕದ ಆಲ್‌ಫ್ರೆಡ್ ಮೇಯರ್ ೧೮೭೮ರಲ್ಲಿ ಮಾಡಿದ್ದ ಪ್ರಯೋಗವನ್ನು ಥಾಮ್ಸನ್ ಬಳಸಿಕೊಂಡರು. ಅಯಸ್ಕಾಂತವಾಗಿಸಿದ ಸೂಜಿಗಳನ್ನು ಬಿರಡೆಗಳಿಗೆ ಚುಚ್ಚಿ ನೀರಿನಲ್ಲಿ ತೇಲಬಿಟ್ಟು, ಮೇಲೆ ದೊಡ್ಡ ಅಯಸ್ಕಾಂತವೊಂದನ್ನು ಹಿಡಿದರೆ, ಸೂಜಿಗಳು ತಾವಾಗಿಯೇ ಉಂಗುರಗಳಾಗಿ ಸಾಲುಗೂಡುತ್ತವೆ.

ಒಳ ಉಂಗುರಗಳ ವಿನ್ಯಾಸವು ಮತ್ತೆ ಮತ್ತೆ ಮರಳುವುದನ್ನು ಕಂಡ ಥಾಮ್ಸನ್, ಧಾತುಗಳ ಗುಣಗಳು ಆವರ್ತ ಕೋಷ್ಟಕದಲ್ಲಿ ಮರಳಿ ಬರುವುದಕ್ಕೆ ಇದೇ ಕಾರಣವಿರಬಹುದೆಂದು ಸೂಚಿಸಿದರು. ಹೊರ ಉಂಗುರದಲ್ಲಿ ಇಪ್ಪತ್ತು ಎಲೆಕ್ಟ್ರಾನುಗಳಿರುವ, ಒಟ್ಟು ೫೯ರಿಂದ ೬೭ರವರೆಗೆ ಎಲೆಕ್ಟ್ರಾನುಗಳುಳ್ಳ ಒಂಬತ್ತು ಏರ್ಪಾಡುಗಳನ್ನು ಅವರು ಕೋಷ್ಟಕದ ಒಂದು ಸಾಲಿನೊಡನೆ ಹೋಲಿಸಿದ್ದರು. ಈ ಸಂಖ್ಯೆಗಳು ಇಂದು ನಿಲ್ಲುವುದಿಲ್ಲ. ಆದರೆ ಧಾತುವಿನ ರಾಸಾಯನಿಕ ಗುಣವು ಎಲೆಕ್ಟ್ರಾನುಗಳ ಏರ್ಪಾಡಿನಲ್ಲಿದೆ ಎಂಬ ವಿಚಾರ ನಿಂತಿದೆ.

ಹೆಸರು ಬಂದ ಬಗೆ

ಹಾಗಾದರೆ ‘ಪ್ಲಮ್ ಪುಡಿಂಗ್’ ಎಂಬ ಹೆಸರು ಎಲ್ಲಿಂದ ಬಂತು? ಒಣದ್ರಾಕ್ಷಿ ಸೇರಿಸಿ ಬಟ್ಟೆಯಲ್ಲಿ ಕಟ್ಟಿ ಬೇಯಿಸುವ ಈ ಸಿಹಿ ತಿನಿಸು ಇಂಗ್ಲೆಂಡಿನಲ್ಲಿ ಕ್ರಿಸ್ಮಸ್ ಹಬ್ಬದ ಅಡುಗೆ. ಥಾಮ್ಸನ್ ತಮ್ಮ ಮಾದರಿಯನ್ನು ಹೀಗೆ ಕರೆದವರಲ್ಲ. ಈ ಹೋಲಿಕೆಯ ಚರಿತ್ರೆಯನ್ನು ಶೋಧಿಸಿದ ಗಿಯೋರಾ ಹೊನ್ ಮತ್ತು ಬರ್ನಾರ್ಡ್ ಗೋಲ್ಡ್‌ಸ್ಟೈನ್ ಎಂಬ ವಿದ್ವಾಂಸರು ೨೦೧೩ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ವಿಜ್ಞಾನದೊಳಗೆ ಹುಟ್ಟಿದ ಐತಿಹ್ಯವೆಂದೇ ಪರಿಗಣಿಸಿದ್ದಾರೆ. ಈಗ ತಿಳಿದಿರುವಂತೆ ಈ ಹೋಲಿಕೆ ಮೊದಲು ಕಾಣಿಸಿಕೊಂಡದ್ದು ೧೯೦೬ರಲ್ಲಿ, ‘ದಿ ಕೆಮಿಸ್ಟ್ ಅಂಡ್ ಡ್ರಗ್ಗಿಸ್ಟ್’ ಎಂಬ ಔಷಧ ವೃತ್ತಿಯವರ ಪತ್ರಿಕೆಯಲ್ಲಿ. ಬರೆದವರ ಹೆಸರಿಲ್ಲದ ಆ ಬರಹವು ಕೈ ಬಿಗಿಹಿಡಿದು ದ್ರಾಕ್ಷಿ ಹಾಕಿದ ಪುಡಿಂಗಿಗೆ ಪರಮಾಣುವನ್ನು ಹೋಲಿಸಿತ್ತು.

ಕರ್ತೃವಿನ ಹೆಸರಿಲ್ಲದಿರುವುದು, ಎಲ್ಲರೂ ಬಲ್ಲ ವಸ್ತುವಿನಿಂದ ಕಾಣದ ವಸ್ತುವನ್ನು ಹೇಳುವುದು, ಹೇಳಿದವರನ್ನು ಬಿಟ್ಟು ಪ್ರಸಿದ್ಧರಾದ ಒಬ್ಬರಿಗೆ ಮಾತನ್ನು ಆರೋಪಿಸುವುದು: ಜಾನಪದ ಅಧ್ಯಯನಕ್ಕೆ ಈ ಲಕ್ಷಣಗಳು ಪರಿಚಿತವಾದವು. ಮುಂದಿನ ಹಂತವೂ ಅಷ್ಟೇ ಪರಿಚಿತ. ಸ್ವೀಡನ್ನಿನ ಜಾನಪದ ವಿದ್ವಾಂಸ ಸಿ. ಡಬ್ಲ್ಯು. ಫಾನ್ ಸಿಡೋ ಅವರು ಕಥೆಯೊಂದು ಹೊಸ ನೆಲದಲ್ಲಿ ಅಲ್ಲಿಗೆ ಒಪ್ಪುವ ರೂಪವನ್ನು ತಾಳುವುದನ್ನು ‘ಓಯ್ಕೋಟೈಪ್’ ಎಂದು ಕರೆದರು. ಪ್ರಾದೇಶಿಕ ರೂಪ ಎಂದು ಇದನ್ನು ಹೇಳಬಹುದು. ಭಾರತದ ತರಗತಿಗಳಲ್ಲಿ ಪುಡಿಂಗ್ ಅಪರಿಚಿತವಾದುದರಿಂದ ಆ ಸ್ಥಾನಕ್ಕೆ ಕಲ್ಲಂಗಡಿ ಬಂದಿತು. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯು ೨೦೦೬ರಲ್ಲಿ ಪ್ರಕಟಿಸಿದ ಒಂಬತ್ತನೆಯ ತರಗತಿಯ ವಿಜ್ಞಾನ ಪಠ್ಯದಲ್ಲಿ ಕ್ರಿಸ್ಮಸ್ ಪುಡಿಂಗ್ ಮತ್ತು ಕಲ್ಲಂಗಡಿ ಎರಡೂ ಅಕ್ಕಪಕ್ಕದಲ್ಲಿವೆ. ಕನ್ನಡದಲ್ಲಿ ಕಲಿಯುವ ಮಕ್ಕಳಿಗೆ ಎರಡನೆಯದೇ ಹತ್ತಿರವಾದುದು ಸಹಜ.

ಉಪಮೆಯ ಕೊರತೆಗಳು

ಈ ಪ್ರಾದೇಶಿಕ ರೂಪವು ಕಲಿಕೆಗೆ ಒದಗಿಸಿದ ಸಹಾಯವನ್ನು ಅಲ್ಲಗಳೆಯುವಂತಿಲ್ಲ. ಧನಾವೇಶ ಹರಡಿಕೊಂಡಿದೆ, ಎಲೆಕ್ಟ್ರಾನುಗಳು ಬಿಡಿಬಿಡಿಯಾಗಿವೆ ಎಂಬ ಒಂದು ಅಂಶವನ್ನು ಅದು ಚೆನ್ನಾಗಿ ಹೇಳುತ್ತದೆ. ಆದರೆ ಉಳಿದ ಮೂರು ಅಂಶಗಳಲ್ಲಿ ಅದು ದಾರಿ ತಪ್ಪಿಸುತ್ತದೆ.

ಮೊದಲನೆಯದು ಚಲನೆ. ಕಲ್ಲಂಗಡಿಯ ಬೀಜ ತಿರುಳಿನಲ್ಲಿ ಅಂಟಿಕೊಂಡು ನಿಂತಿರುತ್ತದೆ. ಥಾಮ್ಸನ್ ಅವರ ಎಲೆಕ್ಟ್ರಾನುಗಳು ಉಂಗುರಗಳಲ್ಲಿ ತಿರುಗುತ್ತವೆ. ತಿರುಗುವ ಬುಗುರಿ ನಿಂತುಕೊಳ್ಳುವಂತೆ, ಕೆಲವು ಏರ್ಪಾಡುಗಳು ತಿರುಗುತ್ತಿರುವಾಗ ಮಾತ್ರ ಸ್ಥಿರವಾಗಿರುತ್ತವೆ. ವೇಗ ಒಂದು ಮಿತಿಗಿಂತ ಕಡಿಮೆಯಾದರೆ ಏರ್ಪಾಡು ಒಡೆಯುತ್ತದೆ. ವಿಕಿರಣಶೀಲ ಧಾತುಗಳು ಒಡೆಯುವುದಕ್ಕೆ ಥಾಮ್ಸನ್ ನೀಡಿದ ವಿವರಣೆ ಇದನ್ನೇ ಆಧರಿಸಿತ್ತು.

ಎರಡನೆಯದು ಏರ್ಪಾಡು. ಹಣ್ಣಿನಲ್ಲಿ ಬೀಜಗಳ ಸಂಖ್ಯೆಗೂ ಅವು ಇರುವ ಜಾಗಕ್ಕೂ ಖಚಿತವಾದ ನಿಯಮವಿಲ್ಲ. ಎಲೆಕ್ಟ್ರಾನುಗಳ ಸಂಖ್ಯೆ ಇಷ್ಟಾದರೆ ಉಂಗುರಗಳು ಇಷ್ಟು ಎಂಬುದೇ ಥಾಮ್ಸನ್ ಮಾದರಿಯ ತಿರುಳಾಗಿತ್ತು.

ಮೂರನೆಯದು ತೂಕ. ಹಣ್ಣಿನ ತೂಕವೆಲ್ಲ ತಿರುಳಿನದು. ಆದರೆ ೧೯೦೪ರ ಮಾದರಿಯಲ್ಲಿ ಧನಾವೇಶದ ಗೋಳಕ್ಕೆ ದ್ರವ್ಯರಾಶಿಯೇ ಇರಲಿಲ್ಲ. ಪರಮಾಣುವಿನ ದ್ರವ್ಯರಾಶಿಯೆಲ್ಲ ಎಲೆಕ್ಟ್ರಾನುಗಳದ್ದು ಎಂದು ಥಾಮ್ಸನ್ ಆಗ ಎಣಿಸಿದ್ದರು. ಹೀಗಾಗಿ ಅತಿ ಹಗುರವಾದ ಹೈಡ್ರೋಜನ್ ಪರಮಾಣುವಿನಲ್ಲಿಯೂ ಸಾವಿರದಷ್ಟು ಎಲೆಕ್ಟ್ರಾನುಗಳಿರಬೇಕಾಗಿತ್ತು. ಈ ಅಂಶದಲ್ಲಿ ಉಪಮೆಯು ಮಾದರಿಯನ್ನು ತಲೆಕೆಳಗು ಮಾಡಿದೆ.

ಕನ್ನಡದಲ್ಲಿ ಇನ್ನೊಂದು ತೊಡಕು ಸೇರಿಕೊಂಡಿದೆ. ಕಲ್ಲಂಗಡಿಯ ಉಪಮೆಯಲ್ಲಿ ಬೀಜವೆಂದರೆ ಋಣಾವೇಶದ ಎಲೆಕ್ಟ್ರಾನ್. ಮುಂದಿನ ಪಾಠದಲ್ಲಿ ರುದರ್‌ಫೋರ್ಡ್ ಮಾದರಿ ಬಂದಾಗ ನ್ಯೂಕ್ಲಿಯಸ್ಸಿಗೆ ನಮ್ಮ ವಿಜ್ಞಾನ ಬರವಣಿಗೆಯಲ್ಲಿ ಬಳಕೆಯಾಗಿರುವ ಪದವೂ ಪರಮಾಣು ಬೀಜ. ಬೈಜಿಕ ಶಕ್ತಿ ಎಂಬ ಪ್ರಯೋಗವೂ ಇದರಿಂದಲೇ ಬಂದುದು. ಎರಡು ಪುಟಗಳ ಅಂತರದಲ್ಲಿ ಬೀಜವು ಋಣದಿಂದ ಧನಕ್ಕೆ, ಹಲವು ಕಣಗಳಿಂದ ಒಂದು ಕೇಂದ್ರಕ್ಕೆ, ಅತ್ಯಂತ ಹಗುರವಾದುದರಿಂದ ಅತ್ಯಂತ ಭಾರವಾದುದಕ್ಕೆ ಅರ್ಥ ಬದಲಿಸುತ್ತದೆ. ಉಪಮೆಯನ್ನು ನಮ್ಮದಾಗಿಸಿಕೊಂಡಾಗ ಪರಿಭಾಷೆಯೊಡನೆ ಅದರ ತಾಳೆಯನ್ನು ನೋಡಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಒಗಟುಗಳ ರಚನೆಯನ್ನು ಬಲ್ಲವರಿಗೆ ಈ ಸ್ಥಿತಿ ಹೊಸದಲ್ಲ. ಒಗಟು ವಸ್ತುವಿನ ಒಂದೆರಡು ಲಕ್ಷಣಗಳನ್ನು ಆಯ್ದುಕೊಂಡು ಉಳಿದವನ್ನು ಮರೆಮಾಡುತ್ತದೆ. ಆದರೆ ಒಗಟನ್ನು ಬಿಡಿಸಿದವನು ವಸ್ತುವನ್ನು ಮೊದಲೇ ಕಂಡಿರುತ್ತಾನೆ. ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಯಾರೂ ಅವನಿಗೆ ಹೇಳಬೇಕಾಗಿಲ್ಲ. ಪರಮಾಣುವನ್ನು ವಿದ್ಯಾರ್ಥಿ ಕಂಡಿಲ್ಲ. ಆದುದರಿಂದ ಹೋಲಿಕೆಯ ಮಿತಿಯನ್ನು ಹೇಳುವ ಹೊಣೆ ಹೇಳುವವರ ಮೇಲೆಯೇ ಬೀಳುತ್ತದೆ.

ಮಾದರಿಯ ಕೊರತೆಗಳು

ಉಪಮೆಯನ್ನು ಬದಿಗಿಟ್ಟು ಮಾದರಿಯನ್ನೇ ಪರಿಶೀಲಿಸಿದರೆ ಅದರ ಮೊದಲ ದೊಡ್ಡ ಕೊರತೆಯನ್ನು ಹೊರಗೆಡವಿದವರು ಥಾಮ್ಸನ್ ಅವರೇ ಎಂಬುದು ಕಂಡುಬರುತ್ತದೆ. ೧೯೦೬ರಲ್ಲಿ ಅವರು ಅನಿಲಗಳಲ್ಲಿ ಬೆಳಕಿನ ವರ್ತನೆ, ಎಕ್ಸ್ ಕಿರಣಗಳ ಚದುರಿಕೆ, ಬೀಟಾ ಕಿರಣಗಳ ಹೀರಿಕೆ ಎಂಬ ಮೂರು ಬೇರೆ ಬೇರೆ ದಾರಿಗಳಿಂದ ಪರಮಾಣುವಿನಲ್ಲಿರುವ ಎಲೆಕ್ಟ್ರಾನುಗಳ ಸಂಖ್ಯೆಯನ್ನು ಅಂದಾಜು ಮಾಡಿದರು. ಆ ಸಂಖ್ಯೆ ಸಾವಿರಗಳಲ್ಲಿರದೆ ಪರಮಾಣು ತೂಕದ ಸಂಖ್ಯೆಗೆ ಹತ್ತಿರದಲ್ಲಿತ್ತು. ಹೈಡ್ರೋಜನ್ನಿನಲ್ಲಿ ಒಂದರ ಆಸುಪಾಸು ಮಾತ್ರ. ಎಲೆಕ್ಟ್ರಾನಿನ ದ್ರವ್ಯರಾಶಿ ಹೈಡ್ರೋಜನ್ ಪರಮಾಣುವಿನ ೧,೮೦೦ರಲ್ಲಿ ಒಂದು ಪಾಲಿಗಿಂತಲೂ ತುಸು ಕಡಿಮೆಯೆಂದು ಇಂದು ತಿಳಿದಿದೆ. ಅಂದರೆ ದ್ರವ್ಯರಾಶಿಯೆಲ್ಲ ಧನಾವೇಶದ ಕಡೆಗೇ ಇರಬೇಕಾಯಿತು. ಆದರೆ ಮಾದರಿಯಲ್ಲಿ ಧನಾವೇಶವು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡ ಹಿನ್ನೆಲೆಯಾಗಿತ್ತೇ ಹೊರತು ವಸ್ತುವಾಗಿರಲಿಲ್ಲ.

ಇದರಿಂದ ಎರಡನೆಯ ಕೊರತೆ ಹೊರಟಿತು. ಹೈಡ್ರೋಜನ್ ಹೊಮ್ಮಿಸುವ ಬೆಳಕನ್ನು ಅಶ್ರಗದಿಂದ ಬಿಡಿಸಿದರೆ ಕಣ್ಣಿಗೆ ಕಾಣುವ ಭಾಗದಲ್ಲಿ ನಾಲ್ಕು ಮುಖ್ಯ ಗೆರೆಗಳಿವೆ. ಅವುಗಳ ತರಂಗದೂರ ಸುಮಾರು ೬೫೬, ೪೮೬, ೪೩೪ ಮತ್ತು ೪೧೦ ನ್ಯಾನೋಮೀಟರ್. ಸ್ವಿಟ್ಜರ್ಲೆಂಡಿನ ಶಾಲಾ ಶಿಕ್ಷಕ ಬಾಮರ್ ಅವರು ೧೮೮೫ರಲ್ಲಿಯೇ ಇವನ್ನು ಒಂದು ಸೂತ್ರಕ್ಕೆ ತಂದಿದ್ದರು. ಸಾವಿರ ಎಲೆಕ್ಟ್ರಾನುಗಳಿದ್ದಾಗ ಹಲವು ಗೆರೆಗಳಿಗೆ ಹಲವು ಬಗೆಯ ಕಂಪನಗಳು ಕಾರಣವೆಂದು ಹೇಳಬಹುದಾಗಿತ್ತು. ಒಂದೇ ಎಲೆಕ್ಟ್ರಾನ್ ಇದ್ದರೆ ಆ ದಾರಿ ಮುಚ್ಚುತ್ತದೆ. ಸಮನಾದ ಧನಾವೇಶದ ಗೋಳದಲ್ಲಿ ಎಲೆಕ್ಟ್ರಾನ್ ತೂಗುಯ್ಯಾಲೆಯಂತೆ ಆಡುತ್ತದೆ. ಆಟ ಚಿಕ್ಕದಿರಲಿ ದೊಡ್ಡದಿರಲಿ ಅದರ ಕಂಪನಾಂಕ ಒಂದೇ. ಪರಮಾಣುವಿನ ತ್ರಿಜ್ಯ ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಭಾಗವೆಂದು ಹಿಡಿದರೆ, ಅದು ಹೊಮ್ಮಿಸುವುದು ಸುಮಾರು ೧೨೦ ನ್ಯಾನೋಮೀಟರಿನ ಒಂದೇ ಗೆರೆ, ಅದೂ ಕಣ್ಣಿಗೆ ಕಾಣದ ನೇರಳಾತೀತದಲ್ಲಿ. ಬಾಮರ್ ಅವರ ನಾಲ್ಕು ಗೆರೆಗಳಿಗೆ ಇಲ್ಲಿ ಎಡೆಯಿಲ್ಲ.

ಮೂರನೆಯದು ವಿಕಿರಣದ ಸಮಸ್ಯೆ. ಅಂದಿನ ವಿದ್ಯುತ್ ಸಿದ್ಧಾಂತದ ಪ್ರಕಾರ ತಿರುಗುವ ಆವೇಶವು ಶಕ್ತಿಯನ್ನು ಹೊರಸೂಸಿ ಕುಗ್ಗಬೇಕು. ಒಂದೇ ಉಂಗುರದಲ್ಲಿ ಸಮ ಅಂತರದಲ್ಲಿ ಹಲವು ಎಲೆಕ್ಟ್ರಾನುಗಳಿದ್ದರೆ ಒಂದರ ಅಲೆ ಇನ್ನೊಂದರ ಅಲೆಯನ್ನು ಬಹುಮಟ್ಟಿಗೆ ಅಳಿಸಿಹಾಕುತ್ತದೆ ಎಂದು ಥಾಮ್ಸನ್ ತೋರಿಸಿದ್ದರು. ಎಲೆಕ್ಟ್ರಾನುಗಳ ಸಂಖ್ಯೆ ಇಳಿದಂತೆ ಈ ರಕ್ಷಣೆಯೂ ಇಳಿಯಿತು.

ನಾಲ್ಕನೆಯದು ಎಲ್ಲರೂ ಬಲ್ಲ ಆಲ್ಫಾ ಕಣಗಳ ಚದುರಿಕೆ. ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡ್ ಅವರ ಪ್ರಯೋಗಾಲಯದಲ್ಲಿ ಹಾನ್ಸ್ ಗೈಗರ್ ಮತ್ತು ಇಪ್ಪತ್ತು ವರ್ಷದ ವಿದ್ಯಾರ್ಥಿ ಅರ್ನೆಸ್ಟ್ ಮಾರ್ಸ್‌ಡೆನ್ ೧೯೦೯ರಲ್ಲಿ ಆಲ್ಫಾ ಕಣಗಳನ್ನು ಲೋಹಗಳ ಮೇಲೆ ಹಾಯಿಸಿದರು. ಪ್ಲಾಟಿನಮ್ಮಿನ ಮೇಲೆ ಬಿದ್ದವುಗಳಲ್ಲಿ ಸುಮಾರು ೮,೦೦೦ಕ್ಕೆ ಒಂದು ಕಣ ಹಿಂದಕ್ಕೆ ಮರಳಿತು. ಥಾಮ್ಸನ್ ಪರಮಾಣುವಿನಲ್ಲಿ ಹೀಗಾಗುವುದು ಏಕೆ ಸಾಧ್ಯವಿಲ್ಲ ಎಂಬುದನ್ನು ಲೆಕ್ಕದಿಂದ ಕಾಣಬಹುದು. ಆಲ್ಫಾ ಕಣವು ಎಲೆಕ್ಟ್ರಾನಿಗಿಂತ ೭,೦೦೦ ಪಟ್ಟಿಗೂ ಹೆಚ್ಚು ಭಾರವಾದುದರಿಂದ ಎಲೆಕ್ಟ್ರಾನ್ ಅದನ್ನು ತಿರುಗಿಸಲಾರದು. ಇಡೀ ಪರಮಾಣುವಿನಷ್ಟು ಅಗಲಕ್ಕೆ ಹರಡಿದ ಧನಾವೇಶದ ಬಲವೂ ತೆಳುವಾಗುತ್ತದೆ. ಚಿನ್ನದ ಒಂದು ಪರಮಾಣು ಹೆಚ್ಚೆಂದರೆ ಒಂದು ಡಿಗ್ರಿಯ ಐವತ್ತರಲ್ಲಿ ಒಂದು ಭಾಗದಷ್ಟು ಅದನ್ನು ಬಾಗಿಸಬಲ್ಲದು. ೦.೦೦೦೦೪ ಸೆಂಟಿಮೀಟರ್ ದಪ್ಪದ ಚಿನ್ನದ ಹಾಳೆಯಲ್ಲಿ ಸಾವಿರಕ್ಕೂ ಹೆಚ್ಚು ಪರಮಾಣು ಪದರಗಳಿದ್ದರೂ, ಒಂದು ಬಲಕ್ಕೆ ಬಾಗಿಸಿದರೆ ಇನ್ನೊಂದು ಎಡಕ್ಕೆ ಬಾಗಿಸುವುದರಿಂದ, ಒಟ್ಟು ಬಾಗು ಒಂದು ಡಿಗ್ರಿಯ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಪ್ರಯೋಗದಲ್ಲಿ ಅಂತಹ ಹಾಳೆಯಿಂದ ಸುಮಾರು ೨೦,೦೦೦ಕ್ಕೆ ಒಂದು ಕಣ ೯೦ ಡಿಗ್ರಿಯಷ್ಟು ತಿರುಗಿತ್ತು. ಒಂದೇ ಡಿಕ್ಕಿಯಲ್ಲಿ ಇಷ್ಟು ತಿರುಗಿಸಲು ಆವೇಶವು ಪರಮಾಣುವಿಗಿಂತ ಸಾವಿರಾರು ಪಟ್ಟು ಕಿರಿದಾದ ಜಾಗದಲ್ಲಿ ಕೂಡಿಕೊಂಡಿರಬೇಕು ಎಂದು ರುದರ್‌ಫೋರ್ಡ್ ೧೯೧೧ರಲ್ಲಿ ತರ್ಕಿಸಿದರು.

ಕಥನದ ನಿಯಮಗಳು

ಈ ನಾಲ್ಕರಲ್ಲಿ ತರಗತಿಯ ಕಥೆ ಉಳಿಸಿಕೊಂಡದ್ದು ಕೊನೆಯದೊಂದನ್ನೇ ಎಂಬುದು ಗಮನಾರ್ಹ. ಡೆನ್ಮಾರ್ಕಿನ ಜಾನಪದ ವಿದ್ವಾಂಸ ಆಕ್ಸೆಲ್ ಓಲ್ರಿಕ್ ಅವರ, ಜನಪದ ಕಥನದ ನಿಯಮಗಳನ್ನು ಕುರಿತ ಪ್ರಸಿದ್ಧ ಪ್ರಬಂಧ ಜರ್ಮನ್ ಭಾಷೆಯಲ್ಲಿ ಪ್ರಕಟವಾದದ್ದು ೧೯೦೯ರಲ್ಲಿ, ಮ್ಯಾಂಚೆಸ್ಟರಿನ ಪ್ರಯೋಗ ನಡೆದ ವರ್ಷದಲ್ಲಿಯೇ. ಒಂದು ದೃಶ್ಯದಲ್ಲಿ ಇಬ್ಬರೇ ಪಾತ್ರಗಳು, ಅವರ ನಡುವೆ ಸ್ಪಷ್ಟವಾದ ವೈದೃಶ್ಯ, ಕವಲೊಡೆಯದ ಒಂದೇ ಎಳೆ ಎಂಬವು ಅವರು ಗುರುತಿಸಿದ ನಿಯಮಗಳಲ್ಲಿ ಕೆಲವು. ಪಠ್ಯಪುಸ್ತಕದ ಪರಮಾಣು ಕಥೆಗೆ ಇವು ಅಚ್ಚಾಗಿ ಒಪ್ಪುತ್ತವೆ. ಅಲ್ಲಿ ಥಾಮ್ಸನ್ ಮತ್ತು ರುದರ್‌ಫೋರ್ಡ್ ಇಬ್ಬರೇ ಇದ್ದಾರೆ. ಕೆಲ್ವಿನ್ ಕಾಣೆಯಾಗಿದ್ದಾರೆ. ೧೯೦೪ರಲ್ಲಿಯೇ ಶನಿಗ್ರಹದ ಬಳೆಗಳಂತೆ ಎಲೆಕ್ಟ್ರಾನುಗಳು ಭಾರವಾದ ಕೇಂದ್ರವನ್ನು ಸುತ್ತುತ್ತವೆಂಬ ಮಾದರಿಯನ್ನು ಮಂಡಿಸಿದ ಜಪಾನಿನ ನಾಗಾಓಕಾ ಕಾಣೆಯಾಗಿದ್ದಾರೆ. ಗೈಗರ್ ಮತ್ತು ಮಾರ್ಸ್‌ಡೆನ್ ಅವರ ಕೈಕೆಲಸವೂ ಬಹಳ ಕಡೆ ಗುರುವಿನ ಹೆಸರಿಗೇ ಸೇರಿಹೋಗಿದೆ.

ನಡೆದ ಚರಿತ್ರೆ ಇಷ್ಟು ಸರಳವಾಗಿರಲಿಲ್ಲ. ಪ್ರಯೋಗಕ್ಕೂ ವಿವರಣೆಗೂ ನಡುವೆ ಎರಡು ವರ್ಷಗಳು ಕಳೆದವು. ೧೯೧೧ರ ಲೇಖನದಲ್ಲಿ ಕೇಂದ್ರದ ಆವೇಶ ಧನವೋ ಋಣವೋ ಎಂಬುದನ್ನು ರುದರ್‌ಫೋರ್ಡ್ ಖಚಿತಪಡಿಸಿರಲಿಲ್ಲ. ಅವರ ಲೆಕ್ಕ ಎರಡಕ್ಕೂ ಹೊಂದುತ್ತಿತ್ತು. ಅವರ ಮಾದರಿಗೂ ದೊಡ್ಡ ಕೊರತೆಯಿತ್ತು. ಕೇಂದ್ರವನ್ನು ಸುತ್ತುವ ಎಲೆಕ್ಟ್ರಾನ್ ಶಕ್ತಿ ಕಳೆದುಕೊಂಡು ಕ್ಷಣಮಾತ್ರದಲ್ಲಿ ಕೇಂದ್ರಕ್ಕೆ ಬೀಳಬೇಕಾಗಿತ್ತು. ಸ್ಥಿರತೆಯ ದೃಷ್ಟಿಯಿಂದ ನೋಡಿದರೆ ಥಾಮ್ಸನ್ ಪರಮಾಣುವೇ ಮೇಲಾಗಿತ್ತು. ಈ ಬಿಕ್ಕಟ್ಟಿಗೆ ೧೯೧೩ರಲ್ಲಿ ಪರಿಹಾರವನ್ನು ಸೂಚಿಸಿದ ನೀಲ್ಸ್ ಬೋರ್ ಅವರು ಮೊದಲು ಕೇಂಬ್ರಿಡ್ಜಿನಲ್ಲಿ ಥಾಮ್ಸನ್ ಅವರ ಬಳಿಗೆ, ಆನಂತರ ಮ್ಯಾಂಚೆಸ್ಟರಿಗೆ ಹೋದವರು. ಎಲೆಕ್ಟ್ರಾನುಗಳ ಉಂಗುರಗಳು ಬೋರ್ ಅವರ ಆರಂಭದ ಬರಹಗಳಲ್ಲಿಯೂ ಇವೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಥಾಮ್ಸನ್ ಪರಮಾಣುವನ್ನು ಎತ್ತಿಹಿಡಿದಂತಾಗುವುದಿಲ್ಲ. ಧನಾವೇಶ ಹರಡಿಕೊಂಡಿದೆ ಎಂಬ ಅದರ ತಳಹದಿಯೇ ತಪ್ಪಾಗಿತ್ತು. ಆದರೆ ತಪ್ಪೆಂದು ಹೇಳಲು ಸಾಧ್ಯವಾದುದು ಅದು ಖಚಿತವಾಗಿ ಮಾತನಾಡಿದ್ದರಿಂದ. ಇಷ್ಟು ಎಲೆಕ್ಟ್ರಾನುಗಳಿದ್ದರೆ ಇಷ್ಟು ಉಂಗುರ, ಇಂತಹ ಗೋಳವಾದರೆ ಇಷ್ಟು ಬಾಗು ಎಂದು ಅದು ಲೆಕ್ಕಕ್ಕೆ ಸಿಕ್ಕುತ್ತಿತ್ತು. ಇಪ್ಪತ್ತು ಸಾವಿರಕ್ಕೆ ಒಂದು ಕಣ ಹೊರಳಿದ್ದು ದೊಡ್ಡ ಸಂಗತಿಯೆನಿಸಿದ್ದು ಆ ಲೆಕ್ಕ ಮುಂದೆ ಇದ್ದುದರಿಂದಲೇ. ಪುಡಿಂಗಿಗಾಗಲಿ ಕಲ್ಲಂಗಡಿಗಾಗಲಿ ಇಂತಹ ಸೋಲು ಬರಲಾರದು, ಏಕೆಂದರೆ ಉಪಮೆಯು ಅಳತೆಗೆ ಒಡ್ಡಿಕೊಳ್ಳುವುದಿಲ್ಲ.

ಉಪಮೆಯನ್ನು ತರಗತಿಯಿಂದ ಹೊರಗಿಡಬೇಕೆಂದು ಜಾನಪದವನ್ನು ಬಲ್ಲವರು ಹೇಳಲಾರರು. ಕಾಣದುದನ್ನು ಕಂಡುದರಿಂದ ತಿಳಿಯುವುದು ಜನರ ಅರಿವಿನ ಹಳೆಯ ದಾರಿ. ಆದರೆ ಹಣ್ಣನ್ನು ಹೆಚ್ಚಿ ತೋರಿಸುವ ಶಿಕ್ಷಕರು ಅದರ ಜೊತೆಗೆ ಮೂರು ಮಾತುಗಳನ್ನು ಸೇರಿಸಬೇಕಾಗಿದೆ: ಈ ಬೀಜಗಳು ಥಾಮ್ಸನ್ ಅವರ ಲೆಕ್ಕದಲ್ಲಿ ತಿರುಗುತ್ತಿದ್ದವು, ಅವು ನಿಯಮಬದ್ಧವಾದ ಉಂಗುರಗಳಲ್ಲಿದ್ದವು, ಮೊದಲಿಗೆ ತೂಕವೆಲ್ಲ ತಿರುಳಿನದಾಗಿರದೆ ಬೀಜಗಳದ್ದಾಗಿತ್ತು. ಇಷ್ಟನ್ನು ಹೇಳಿದರೆ ಥಾಮ್ಸನ್ ಅವರ ಸೋಲು ವಿದ್ಯಾರ್ಥಿಗೆ ನಗೆಯ ವಸ್ತುವಾಗುವುದಿಲ್ಲ. ಒಂದು ವಿಚಾರವನ್ನು ಅಳೆದು, ಪರೀಕ್ಷಿಸಿ, ಕೈಬಿಟ್ಟದ್ದು ಹೇಗೆ ಎಂಬುದರ ದಾಖಲೆಯಾಗಿ ಅದು ಉಳಿಯುತ್ತದೆ.